ಆರಾಮ ಎಂದು ಬರೆಯಬಾರದು

ದೇವದುರ್ಗ
14 ಜುಲೈ 2024

ಪ್ರೀತಿಯ ಅಪ್ಪನಿಗೆ,

ಪತ್ರ ಬಂತೆಂದು ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ನಿನ್ನ ಮಗಳಿಗೆ ಫೋನಿನಲ್ಲಿ ಕಿರುಚಿ ಕಿರುಚಿ ಗಂಟಲು ಬಿದ್ದುಹೋಗಿದೆ, ಅಷ್ಟೇ.

ಹೋದ ರವಿವಾರದ ನಮ್ಮ ಮಾತುಕತೆ ನೆನಪಿದೆಯಾ? ನಾನು, "ಯಪ್ಪಾ, ಹೆಂಗ ಅದಿ?" ಅಂದೆ. ನೀನು, "ಆರಾಮ" ಅಂದೆ. "ಊಟ ಆತೇನು?" ಅಂದೆ. "ಆರಾಮ" ಅಂದೆ. "ಮಾನ್ವಿಗೆ ಮಳಿ ಬಂತೇನು?" ಎಂದು ಎಷ್ಟು ಜೋರಾಗಿ ಕೂಗಿದೆನೆಂದರೆ ಪಕ್ಕದ ಮನೆಯ ಉಮಾದೇವಿ ಟೀಚರು ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಓಡಿ ಬಂದರು. ನೀನು ಮಾತ್ರ, "ಆರಾಮ ಅದೀನವ್ವಾ, ಇಡ್ಲೇನು?" ಎಂದು ಇಟ್ಟುಬಿಟ್ಟೆ. ಮೂವತ್ತು ವರ್ಷ ಹಿಟ್ಟಿನ ಗಿರಣಿಯ ಸದ್ದಿನಲ್ಲಿ ನಿಂತ ಕಿವಿ ಮಂದವಾಗಿದೆ ಎಂದು ಒಪ್ಪಿಕೊಳ್ಳುವುದು ಬಿಟ್ಟು ಎಲ್ಲ ಪ್ರಶ್ನೆಗೂ ಒಂದೇ ಉತ್ತರ ಮಾಡಿಟ್ಟುಕೊಂಡಿದ್ದೀಯ. ನನ್ನ ಶಾಲೆಯ ಹುಡುಗರು ಪರೀಕ್ಷೆಯಲ್ಲಿ ಹೀಗೆಯೇ ಮಾಡುತ್ತಾರೆ.

ಆದ್ದರಿಂದ ಇನ್ನು ಪತ್ರ. ಏಳನೆಯ ತರಗತಿ ಓದಿದವನು, ದಿನಾ ಪೇಪರು ಓದುವವನು, ಬರೆಯಲು ಬರುವುದಿಲ್ಲ ಎಂದು ನೆವ ಹೇಳಬೇಡ. ಒಂದೇ ಒಂದು ನಿಯಮ: ನಿನ್ನ ಪತ್ರದಲ್ಲಿ ‘ಆರಾಮ’ ಎಂದು ಬರೆಯಬಾರದು. ಮೊಣಕಾಲು ನೋಯುತ್ತಿದ್ದರೆ ನೋಯುತ್ತಿದೆ ಎಂದು ಬರೆ. ಬೇಸರವಾಗಿದ್ದರೆ ಹಾಗೇ ಬರೆ.

ಈ ವಾರ ಒಂಬತ್ತನೆಯ ತರಗತಿಗೆ ಒಂದರಂತೆ ಕಾಣುವ, ಆದರೆ ಒಂದಲ್ಲದ ಪದಗಳ ಪಾಠ ಶುರು ಮಾಡಿದೆ. ನಮಗೆ ಒಂದು ‘ಕೇಳು’ ಸಾಕು. ಇಂಗ್ಲಿಷಿನವರಿಗೆ ಸಾಲದು. ಸದ್ದು ತಾನಾಗಿ ಕಿವಿಗೆ ಬಿದ್ದರೆ ಅದು ಹಿಯರ್, ನಾವಾಗಿ ಮನಸ್ಸಿಟ್ಟು ಕೇಳಿದರೆ ಲಿಸನ್, ಪ್ರಶ್ನೆ ಕೇಳಿದರೆ ಆಸ್ಕ್. ನಾಗವೇಣಿ ಎಂಬ ಹುಡುಗಿ ಎದ್ದು ನಿಂತು, "ಮಿಸ್, ನಮ್ಮಪ್ಪ ನನ್ನ ಕೇಳಂಗೇ ಇಲ್ಲ ಅಂದ್ರ ಇದರಾಗ ಯಾವ್ದು ಬರೀಬೇಕ್ರಿ?" ಅಂದಳು. ಲಿಸನ್ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದೆ.

ಅಪ್ಪಾ, ನಿನಗೆ ಹೇಳಬೇಕಾದ ಒಂದು ಮಾತಿದೆ. ಅವ್ವ ಹೋದ ದಿನದ್ದು. ಒಂಬತ್ತು ವರ್ಷದಿಂದ ಹೇಳಿಲ್ಲ. ಕಿರುಚಿ ಹೇಳುವಂಥ ಮಾತಲ್ಲ ಅದು. ಬರೆಯುತ್ತ ಬರೆಯುತ್ತ ಧೈರ್ಯ ಬಂದರೆ ಬರೆಯುತ್ತೇನೆ. ಅದಕ್ಕೂ ಈ ಪತ್ರ.

ನಿನ್ನ ಮಗಳು,
ವಿಶಾಖಾ


ಮಾನ್ವಿ
ತಾ. 25-7-2024

ಮಗಳು ವಿಶಾಖಾಳಿಗೆ ನಿನ್ನಪ್ಪ ಅಯ್ಯಣ್ಣ ಗಿರಣಿಯ ಕಟ್ಟೆಯ ಮೇಲೆ ಕೂತು ಬರೆಯುವುದು.

ನಾವೆಲ್ಲ ಇಲ್ಲಿ ಆರಾ... ನೋಡು, ಕೈ ತಾನೇ ಅತ್ತ ಹೋಯಿತು. ಹೊಡೆದು ಹಾಕಿದ್ದೇನೆ. ಅದನ್ನು ಬಿಟ್ಟು ಪತ್ರ ಹೇಗೆ ಶುರು ಮಾಡುವುದು ಎಂದು ನಿಮ್ಮ ಸೋದರತ್ತೆ ವೆಂಕಮ್ಮನನ್ನು ಕೇಳಿದೆ. "ಅದಿಲ್ಲಂದ್ರ ಕಾಗದ ಯಾಕ ಬರೀಬೇಕು?" ಅಂದಳು. ಅವಳು ಹೇಳಿದ್ದು ಅಂತ ಬರೆದಿದ್ದೇನೆ, ತುಟಿ ನೋಡಿ ತಿಳಿದುಕೊಂಡದ್ದು. ಬೇರೆ ಏನಾದರೂ ಅಂದಿರಲೂಬಹುದು.

ನಿನ್ನ ನಿಯಮದ ಪ್ರಕಾರ ಬರೆಯುತ್ತೇನೆ. ಬಲ ಮೊಣಕಾಲು ಹತ್ತುವಾಗ ನೋಯುತ್ತದೆ, ಇಳಿಯುವಾಗ ನೋಯುವುದಿಲ್ಲ. ಎಡ ಕಿವಿ ಪೂರ್ತಿ ಹೋಗಿದೆ. ಬಲದ್ದು ಗಿರಾಕಿಗಳು ಬೈದರೆ ಮಾತ್ರ ಕೇಳಿಸುತ್ತದೆ. ಊಟಕ್ಕೆ ರೊಟ್ಟಿ, ಪುಂಡಿಪಲ್ಲೆ. ಮಳೆ ಮೂರು ದಿನ ಬಂದು ಹೋಯಿತು. ಸಾಕೇನು?

ನಿನ್ನ ಪದಗಳ ಪಾಠವನ್ನು ಗಿರಣಿ ಮಾಲಕರು ಮಹಮ್ಮದ್ ಹುಸೇನ್ ಸಾಹೇಬರಿಗೆ ಓದಿ ಹೇಳಿದೆ. ಅವರು ನಕ್ಕು, ನಮ್ಮ ಕೆಲಸವೂ ಅದೇ ಅಂದರು. ಜೋಳ ಒಂದೇ. ಕಲ್ಲು ಬಿಗಿ ಮಾಡಿದರೆ ಹಿಟ್ಟು, ತುಸು ಸಡಿಲ ಬಿಟ್ಟರೆ ರವಾ, ಇನ್ನೂ ಬಿಟ್ಟರೆ ನುಚ್ಚು. ರೊಟ್ಟಿ ಬಡಿಯುವವಳಿಗೆ ನುಚ್ಚು ಕೊಟ್ಟು ಕಳಿಸಿದರೆ ಡಬ್ಬಿ ತಂದು ತಲೆಯ ಮೇಲೆ ಸುರಿಯುತ್ತಾಳೆ. ಒಂದು ಪದ ನನಗೂ ಗೊತ್ತು. ನೀನು ಸಣ್ಣವಳಿದ್ದಾಗ ಯಾರು ಕೇಳಿದರೂ ‘ಐ ಆಮ್ ಫೈನ್’ ಅನ್ನುತ್ತಿದ್ದೆ. ಬಸ್ಸಿನಲ್ಲಿ ಟಿಕೆಟ್ ಇಲ್ಲದವರಿಗೆ ಹಾಕುವುದೂ ಫೈನೇ. ನನ್ನ ಮಗಳು ತಾನು ದಂಡ ಎಂದು ಯಾಕೆ ಹೇಳಿಕೊಂಡು ತಿರುಗುತ್ತಾಳೆ ಎಂದು ನಿಮ್ಮವ್ವನಿಗೆ ಕಾಡಿಸುತ್ತಿದ್ದೆ.

ನಿಮ್ಮವ್ವನ ಕಡೆಯ ದಿನದ ಮಾತು ಬರೆದಿದ್ದಿ. ಓದಿ ಚಾಳೀಸು ತೆಗೆದು ಒರೆಸಿ, ಹಾಕಿಕೊಂಡು ಮತ್ತೊಮ್ಮೆ ಓದಿದೆ. ನನ್ನ ಹತ್ತಿರವೂ ಆ ದಿನದ್ದು ಒಂದು ಮಾತಿದೆ. ನಿನಗೆ ನನ್ನ ಮೇಲೆ ಸಿಟ್ಟಿದೆ, ಅದು ನನಗೆ ಗೊತ್ತು. ಇರಬೇಕಾದದ್ದೇ. ಆದರೆ ನೀನೇ ಮೊದಲು ಹೇಳು. ಕಿವಿ ಹೋಗಿದ್ದರೂ ಕಣ್ಣು ಚೆನ್ನಾಗಿವೆ, ಓದುತ್ತೇನೆ.

ನಿನ್ನ ಅಪ್ಪ,
ಅಯ್ಯಣ್ಣ


ದೇವದುರ್ಗ
18 ಆಗಸ್ಟ್ 2024

ಪ್ರೀತಿಯ ಅಪ್ಪನಿಗೆ,

ನನಗೆ ಸಿಟ್ಟು ಎಂದು ನಿನಗೆ ಯಾರು ಹೇಳಿದರು? ನಿನ್ನ ಪತ್ರ ಬಂದ ದಿನದಿಂದ ಆ ಒಂದು ಸಾಲನ್ನೇ ಓದುತ್ತಿದ್ದೇನೆ. ಸಿಟ್ಟಾಗಬೇಕಾದವನು ನೀನು. ಅದಕ್ಕೇ ಹಬ್ಬಕ್ಕೆ ಬಂದರೂ ನಿನ್ನ ಮುಖ ನೋಡದೆ ಒಲೆಯ ಮುಂದೆ ಕೂತು ಬರುತ್ತಿದ್ದೆ. ನೀನು ಅದನ್ನು ಸಿಟ್ಟು ಅಂದುಕೊಂಡೆಯಾ?

ಹದಿಮೂರಕ್ಕೆ ಅವ್ವನ ದಿನಕ್ಕೆ ನಾನು ಬರಲಿಲ್ಲ. ರಾಯಚೂರಿನಲ್ಲಿ ತರಬೇತಿ ಇದೆ ಎಂದು ಅತ್ತೆಗೆ ಹೇಳಿಸಿದ್ದೆ. ತರಬೇತಿ ಇರಲಿಲ್ಲ. ರಜೆ ಹಾಕಿ ಬೆಳಿಗ್ಗೆಯೇ ಹೊರಟಿದ್ದೆ. ಬಸ್ಸು ಬದಲಿಸಬೇಕಾದ ಸಿರವಾರದಲ್ಲಿ ಮಾನ್ವಿಯ ಬಸ್ಸು ನಿಂತಿತ್ತು. ಹತ್ತಿದೆ, ಕೂತೆ, ಕಂಡಕ್ಟರ್ ಬರುವಷ್ಟರಲ್ಲಿ ಇಳಿದುಬಿಟ್ಟೆ. ಅವ್ವನ ಫೋಟೋ ಮುಂದೆ ನೀನು ಹೂ ಇಡುತ್ತೀಯ, ಪಕ್ಕದಲ್ಲಿ ನಾನು ನಿಲ್ಲಬೇಕು. ಆಗಲಿಲ್ಲ. ಎದುರಿನ ಬಸ್ಸು ಹಿಡಿದು ವಾಪಸ್ ಬಂದೆ. ಇದನ್ನು ಹೇಳಲೇಬೇಕಿತ್ತು, ಯಾಕೆಂದರೆ ಈ ಪತ್ರದಲ್ಲಿ ಸುಳ್ಳು ಬರೆಯಬಾರದು ಎಂದು ನನಗೂ ಒಂದು ನಿಯಮ ಹಾಕಿಕೊಂಡಿದ್ದೇನೆ.

ಇನ್ನು ಮುಖ್ಯ ಮಾತು ಬರೆಯಬೇಕು. ಬರೆಯುತ್ತೇನೆ. ಅದಕ್ಕೂ ಮುಂಚೆ ಶಾಲೆಯ ಸುದ್ದಿ.

ನಿನ್ನ ಫೈನಿನ ಕಥೆ ಮಕ್ಕಳಿಗೆ ಹೇಳಿದೆ, ಬಹಳ ನಕ್ಕರು. ಮರುದಿನ ಹಾಜರಿ ತೆಗೆಯುವಾಗ ನಾಗವೇಣಿ ಬೆಂಚಿಗೆ ತಲೆ ಇಟ್ಟು ಮಲಗಿದ್ದಳು. "ಹೌ ಆರ್ ಯು, ನಾಗವೇಣಿ?" ಅಂದೆ. ಕಣ್ಣು ಕೂಡ ತೆರೆಯದೆ, "ಐ ಆಮ್ ಫೈನ್, ಥ್ಯಾಂಕ್ಯೂ ಮಿಸ್" ಅಂದಳು. ಹಣೆ ಮುಟ್ಟಿದರೆ ಸುಡುತ್ತಿತ್ತು. ಎಲ್ಲರಿಗೂ ಬಾಯಿಪಾಠ ಮಾಡಿಸಿದವಳು ನಾನೇ. ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕೂತಾಗ, ಡಾಕ್ಟರ್ ಹೇಳಿದ ಇಂಗ್ಲಿಷ್ ಮಾತನ್ನು ಅವಳ ತಾಯಿಗೆ ತಿಳಿಸಿ ಹೇಳಬೇಕಾಗಿ ಬಂತು. ಬರೀ ವೈರಲ್ ಜ್ವರ, ಮೂರು ದಿನಕ್ಕೆ ಹೋಗುತ್ತದೆ ಎಂಬಷ್ಟೇ ಮಾತು. ನಾನು ಡಾಕ್ಟರನ್ನು ನಾಲ್ಕು ಸಲ ತಿರುಗಿ ತಿರುಗಿ ಕೇಳಿದೆ. ಐದನೆಯ ಸಲ ಅವರು ಕನ್ನಡದಲ್ಲೇ, "ಮೇಡಂ, ಹುಡುಗಿಗೆ ಏನೂ ಆಗಿಲ್ಲ, ನಿಮಗೇನಾಗಿದೆ?" ಅಂದರು.

ಇವತ್ತೂ ಆಗುತ್ತಿಲ್ಲ ಅಪ್ಪಾ. ಮುಂದಿನ ಸಲ.

ನಿನ್ನ ಮಗಳು,
ವಿಶಾಖಾ


ಮಾನ್ವಿ
ತಾ. 22-9-2024

ಮಗಳು ವಿಶಾಖಾಳಿಗೆ,

ಸಿರವಾರದಲ್ಲಿ ಇಳಿದು ಹೋದ ಸುದ್ದಿಯನ್ನು ವೆಂಕಮ್ಮನಿಗೆ ಹೇಳಿಲ್ಲ. ಅವಳು ನಿನ್ನ ಪಾಲಿನ ಹೋಳಿಗೆ ಎರಡು ದಿನ ಇಟ್ಟು ಕಾದಿದ್ದಳು. ನನಗೆ ಸಿಟ್ಟು ಬರಲಿಲ್ಲ. ಆ ಬಸ್ ಸ್ಟ್ಯಾಂಡಿನಲ್ಲಿ ನೀನೊಬ್ಬಳೇ ನಿಂತದ್ದೇ ಕಣ್ಣ ಮುಂದೆ ಬರುತ್ತದೆ.

ಹೋದ ವಾರ ಸಾಹೇಬರ ಮಗ ಮುಷರ್ರಫ್ ನನ್ನನ್ನು ರಾಯಚೂರಿಗೆ ಕರೆದುಕೊಂಡು ಹೋಗಿ ಕಿವಿಗೆ ಮಷೀನು ಹಾಕಿಸಿದ. ನೀನೇ ಅವನಿಗೆ ಫೋನ್ ಮಾಡಿ ಹೇಳಿದ್ದಂತೆ. ಹಾಕಿದ ಕೂಡಲೇ ಫ್ಯಾನು, ಚಪ್ಪಲಿ, ಪೇಪರು ಮಗುಚುವುದು, ನನ್ನದೇ ಉಸಿರು, ಎಲ್ಲ ಒಟ್ಟಿಗೆ ನುಗ್ಗಿದವು. ಮಾತು ಮಾತ್ರ ತಿಳಿಯಲಿಲ್ಲ. ಮನೆಗೆ ಬಂದ ಮೇಲೆ ವೆಂಕಮ್ಮನ ಬಳೆ ಕೇಳಿತು, ಬೈಗುಳ ಕೇಳಲಿಲ್ಲ. ನೀನು ಹೇಳಿದ ಹಿಯರ್ ಬಂತು, ಲಿಸನ್ ಇನ್ನೂ ಬಂದಿಲ್ಲ. ರೂಢಿಯಾಗಬೇಕು ಅಂತಾರೆ. ಸದ್ಯಕ್ಕೆ ಡಬ್ಬಿಯಲ್ಲಿಟ್ಟಿದ್ದೇನೆ. ಬೈಯಬೇಡ.

ವಾಪಸ್ ಬರುವಾಗ ಮುಷರ್ರಫ್ ತನ್ನ ತಂಗಿ ಸೂಫಿಯಾಳ ಮದುವೆಗೆ ಹಾಸಿಗೆ ಸಾಮಾನು ನೋಡಲು ಒಂದು ಅಂಗಡಿಗೆ ಹೋದ. ಹೊರಗೆ ತೂಗು ಹಾಕಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಮೆತ್ತನೆಯ ದಪ್ಪ ಹೊದಿಕೆ. ಹಳೆ ಬಟ್ಟೆಯ ತುಂಡು ಸೇರಿಸಿ ಹೊಲಿದ ನಮ್ಮ ಕೌದಿಯಂಥದ್ದೇ, ಆದರೆ ಮಷೀನ್ ಹೊಲಿಗೆ, ಒಂದೇ ಬಣ್ಣ. ಚೀಲದ ಮೇಲೆ ಇಂಗ್ಲಿಷಿನಲ್ಲಿ ದೊಡ್ಡದಾಗಿ ಒಂದು ಪದ. ಅಕ್ಷರ ಕೂಡಿಸಿ ಓದಿದೆ, ಚೀಟಿಯಲ್ಲಿ ಬರೆದುಕೊಂಡೂ ಬಂದೆ. ಸಿ, ಓ, ಎಂ, ಎಫ್, ಓ, ಆರ್, ಟಿ, ಇ, ಆರ್. ಕಂಫರ್ಟರ್. ಅದರ ಮುಂಗಡೆ ಭಾಗ ನನಗೆ ಗೊತ್ತಿತ್ತು. ನಿಮ್ಮವ್ವನ ಡಾಕ್ಟರು ಕಡೆಯ ದಿನ ಹೇಳಿದ ಮಾತು ಅದೇ ಅಲ್ಲವಾ? ಕಂಫರ್ಟಬಲ್ ಅಂದಿದ್ದರು. ನನ್ನ ಕಿವಿ ಆಗ ಚೆನ್ನಾಗಿತ್ತು. ಇವೆರಡೂ ಒಂದೇ ಮನೆತನದ ಪದಗಳೇನು? ಕೌದಿಗೂ ಆ ಮಾತಿಗೂ ಏನು ಸಂಬಂಧ? ಅಂಗಡಿಯವನನ್ನು ಕೇಳಿದೆ. "ಓಢನೇಕಾ ಹೈ ಚಾಚಾ, ಲೇನಾ ಹೈ ಕ್ಯಾ?" ಅಂದ. ಹೊದೆಯುವುದು, ಬೇಕೇನು ಅಂತ. ಅರ್ಥ ನೀನು ತಿಳಿಸಿ ಬರೆ.

ನಿನ್ನ ಅಪ್ಪ,
ಅಯ್ಯಣ್ಣ


ಮಾನ್ವಿ
ತಾ. 3-11-2024

ವಿಶಾಖಾ,

ಆರು ವಾರವಾಯಿತು, ನಿನ್ನ ಕಾಗದವಿಲ್ಲ. ದೀಪಾವಳಿಗೂ ಬರಲಿಲ್ಲ. ಫೋನ್ ಎತ್ತಿ ಬರೀ "ಹೂಂ" ಅಂದೆಯಂತೆ, ವೆಂಕಮ್ಮ ಹೇಳಿದಳು. ಆ ಪದ ಕೇಳಿದ್ದು ತಪ್ಪಾಯಿತೇನು? ಬೇಡವಾದರೆ ಉತ್ತರ ಬರೆಯಬೇಡ. ಊಟ ಮಾಡಿದೆ ಎಂದಾದರೂ ಒಂದು ಸಾಲು ಬರೆ.

ಅಪ್ಪ


ದೇವದುರ್ಗ
10 ನವೆಂಬರ್ 2024

ಪ್ರೀತಿಯ ಅಪ್ಪನಿಗೆ,

ಊಟ ಮಾಡಿದ್ದೇನೆ. ಇವತ್ತು ಬರೆದೇ ಏಳಬೇಕೆಂದು ಬಾಗಿಲು ಹಾಕಿಕೊಂಡು ಕೂತಿದ್ದೇನೆ.

ಆ ಮಾತು ನಿನಗೆ ನೆನಪಿಲ್ಲ ಅಂದುಕೊಂಡಿದ್ದೆ. ಇಂಗ್ಲಿಷ್ ಮಾತು, ಒಂದು ಸಲ ಕೇಳಿದ್ದು, ಅಪ್ಪ ಎಂದೋ ಮರೆತಿದ್ದಾನೆ, ಆ ತಪ್ಪು ನನಗೊಬ್ಬಳಿಗೇ ಗೊತ್ತು ಎಂದು ಧೈರ್ಯವಾಗಿದ್ದೆ. ನೀನು ಒಂದೊಂದೇ ಅಕ್ಷರ ಬರೆದುಕೊಂಡು ಬಂದದ್ದನ್ನು ಓದಿ ಪತ್ರವನ್ನು ಮಡಚಿ ಪುಸ್ತಕದೊಳಗೆ ಬಚ್ಚಿಟ್ಟೆ.

ನನಗಾಗ ಹದಿನೇಳು. ಪಿಯುಸಿ ಎರಡನೆಯ ವರ್ಷ. ಅವ್ವನ ಕಿಡ್ನಿ ಎರಡೂ ಕೈಕೊಟ್ಟು, ರಾಯಚೂರಿನ ಆಸ್ಪತ್ರೆಗೆ ಸೇರಿಸಿ ಹತ್ತು ದಿನವಾಗಿತ್ತು. ಹೊಸದಾಗಿ ಬಂದಿದ್ದ ಆ ಡಾಕ್ಟರಮ್ಮನಿಗೆ ಕನ್ನಡ ಬರುತ್ತಿರಲಿಲ್ಲ. ನಮ್ಮ ಮಂದಿಯಲ್ಲಿ ಇಂಗ್ಲಿಷ್ ಬರುತ್ತದೆ ಎಂದು ಹೆಸರು ಮಾಡಿದವಳು ನಾನೊಬ್ಬಳೇ. "ನೀ ಕೇಳು ಬೇ, ನಿನಗ ತಿಳೀತದ" ಎಂದು ನೀನು ನನ್ನನ್ನೇ ಮುಂದೆ ದೂಡಿದೆ. ಆಕೆ ಅವ್ವನ ಹಾಸಿಗೆಯ ಹತ್ತಿರ ನಿಂತು, ‘ವೀ ಹ್ಯಾವ್ ಮೇಡ್ ಹರ್ ಕಂಫರ್ಟಬಲ್’ ಅಂದರು. ನನ್ನ ಭುಜ ತಟ್ಟಿದರು ಕೂಡ. ನನಗೆ ಆ ಪದ ಗೊತ್ತಿತ್ತು, ಗೈಡಿನಲ್ಲಿ ಓದಿದ್ದೆ. ಕಂಫರ್ಟಬಲ್ ಅಂದರೆ ಆರಾಮ. ತಿರುಗಿ ನಿನಗೆ, "ಯಪ್ಪಾ, ಅವ್ವ ಆರಾಮ ಅದಾಳಂತ!" ಅಂದೆ. ನಗುನಗುತ್ತ ಹೇಳಿದೆ ಅಪ್ಪಾ. ನಮ್ಮಲ್ಲಿ ಆರಾಮ ಆದಳು ಅಂದರೆ ರೋಗ ಹೋಯಿತು, ಎದ್ದು ಕೂತಳು ಅಂತಲೇ ಅಲ್ಲವಾ ಅರ್ಥ?

ಅದಾಗಿ ಸ್ವಲ್ಪ ಹೊತ್ತಿಗೆ ನೀನು ಮಾನ್ವಿಯ ಬಸ್ಸು ಹತ್ತಿದೆ. ಮಧ್ಯಾಹ್ನ ಒಂದು ಗಂಟೆಗೆ ಅವ್ವ ಹೋದಳು. ಮೂರು ಗಂಟೆಗೆ ನೀನು ಬಗಲಲ್ಲಿ ಅವ್ವನ ಕೌದಿ ಇಟ್ಟುಕೊಂಡು ವಾರ್ಡಿನ ಬಾಗಿಲಲ್ಲಿ ಬಂದು ನಿಂತೆ.

ಬಿ.ಎ. ಎರಡನೆಯ ವರ್ಷದಲ್ಲಿ ಒಂದು ಪಾಠದಲ್ಲಿ ಆ ಪದ ಮತ್ತೆ ಬಂತು. ವೆಲ್ ಬೇರೆ, ಬೆಟರ್ ಬೇರೆ, ಕಂಫರ್ಟಬಲ್ ಬೇರೆ ಎಂದು ಮೇಷ್ಟ್ರು ವಿವರಿಸಿದರು. ರೋಗ ಗುಣವಾದರೆ ವೆಲ್, ತುಸು ಇಳಿದರೆ ಬೆಟರ್. ಇನ್ನು ಗುಣವಾಗುವುದಿಲ್ಲ ಎಂದು ತಿಳಿದ ಮೇಲೆ ನೋವು ತಿಳಿಯದಂತೆ ಔಷಧಿ ಕೊಟ್ಟು ಮಲಗಿಸುತ್ತಾರಲ್ಲ, ಆಗ ಡಾಕ್ಟರರು ಹೇಳುವ ಮಾತು ಕಂಫರ್ಟಬಲ್. ನಾನು ಪಾಠದ ನಡುವೆಯೇ ಎದ್ದು ಹೊರಗೆ ಬಂದು ನಲ್ಲಿಯ ಹತ್ತಿರ ಕೂತುಬಿಟ್ಟೆ.

ಆವತ್ತು ನಾನು ಸರಿಯಾಗಿ ಹೇಳಿದ್ದರೆ ನೀನು ಹೋಗುತ್ತಿರಲಿಲ್ಲ. ಅವ್ವನ ಕೈ ಹಿಡಿದು ಕೂತಿರುತ್ತಿದ್ದೆ. ಅವ್ವನ ಕೊನೆಯ ಹೊತ್ತನ್ನು ನಿನ್ನಿಂದ ಕಿತ್ತುಕೊಂಡವಳು ನಾನು. ಇಂಗ್ಲಿಷ್ ಟೀಚರ್ ಆದದ್ದೂ ಇದಕ್ಕೇ, ಬೇರೆ ಆಸೆ ಏನೂ ಇರಲಿಲ್ಲ. ಆ ನಿಯಮ ಯಾಕೆ ಹಾಕಿದೆ ಎಂದು ಈಗ ತಿಳಿಯಿತಲ್ಲ. ನಿನ್ನ ಬಾಯಲ್ಲಿ ಆ ಪದ ಬಂದಾಗಲೆಲ್ಲ ನನಗೆ ನಾನು ನಕ್ಕದ್ದು ನೆನಪಾಗುತ್ತದೆ.

ನೀನು ಕೇಳಿದ್ದಕ್ಕೆ ಉತ್ತರ: ಹೌದು, ಒಂದೇ ಮನೆತನ. ನೋವಿನಲ್ಲಿ ಇರುವವರಿಗೆ ಸಮಾಧಾನ ಮಾಡುವುದು ಕಂಫರ್ಟ್. ಮಾಡುವವರು ಕಂಫರ್ಟರ್. ಮೈ ಬೆಚ್ಚಗಿಡುವ ಹೊದಿಕೆಗೂ ಕೆಲವು ಕಡೆ ಅದೇ ಹೆಸರು.

ತಪ್ಪಾಯಿತು ಅಪ್ಪಾ.

ವಿಶಾಖಾ


ಮಾನ್ವಿ
ತಾ. 14-11-2024

ನನ್ನ ತಾಯಿ ವಿಶಾಖಾ,

ನಿನ್ನ ಕಾಗದ ಇವತ್ತು ಹನ್ನೊಂದು ಗಂಟೆಗೆ ಬಂತು. ಗಿರಣಿ ಬಂದ್ ಮಾಡಿ ಕೂತು ಬರೆಯುತ್ತಿದ್ದೇನೆ. ಗಿರಾಕಿಗಳು ಡಬ್ಬಿ ಇಟ್ಟು ಹೋಗಿದ್ದಾರೆ.

ಹುಚ್ಚಿ, ನನಗೆ ಗೊತ್ತಿತ್ತು.

ಡಾಕ್ಟರು ಬರುವುದಕ್ಕಿಂತ ಮೊದಲೇ ಗೊತ್ತಿತ್ತು. ಆ ವಾರ್ಡಿನಲ್ಲಿ ದಾವಲ್ ಬೀ ಎಂಬ ಆಯಾ ಇದ್ದಳಲ್ಲ, ನಿನಗೆ ಬಿಸ್ಕೀಟು ಕೊಡುತ್ತಿದ್ದವಳು. ಬೆಳಿಗ್ಗೆ ಚಹಾ ತರಲು ಹೋದಾಗ ನನ್ನನ್ನು ಪಕ್ಕಕ್ಕೆ ಕರೆದು, "ಅಬ್ ದವಾ ನೈ ಚಲ್ತಾ ಭಾಯಿ, ಆರಾಮ್ ದೇರೈಂ ಬಸ್" ಅಂದಳು. ಇನ್ನು ಔಷಧಿ ನಡೆಯುವುದಿಲ್ಲ, ನೋವಿಲ್ಲದೆ ಮಲಗಿಸಿದ್ದಾರೆ ಅಷ್ಟೇ ಅಂತ. ಸಾಹೇಬರ ಗಿರಣಿಯಲ್ಲಿ ಇಷ್ಟು ವರ್ಷ ಕೆಲಸ ಮಾಡಿದವನಿಗೆ ಅವರ ‘ಆರಾಮ್’ ಬೇರೆ, ನಮ್ಮ ‘ಆರಾಮ’ ಬೇರೆ ಎಂದು ಗೊತ್ತಿಲ್ಲವೇನು? ಆಮೇಲೆ ನೀನು ಡಾಕ್ಟರರ ಮಾತು ಕೇಳಿ ಅದೇ ಪದ ಹೇಳಿದೆ. ನಿನ್ನ ಮುಖ ನೋಡಿದೆ. ನೀನು ನಮ್ಮ ಆರಾಮ ಹೇಳುತ್ತಿದ್ದಿ ಎಂದು ತಿಳಿಯಿತು. ಹತ್ತು ದಿನದಿಂದ ನಗದ ಹುಡುಗಿ ನಗುತ್ತಿದ್ದಿ. ಅದನ್ನು ತಿದ್ದಲು ನನ್ನಿಂದ ಆಗಲಿಲ್ಲ. ಒಂದು ದಿನವಾದರೂ ನಗಲಿ ಅಂದುಕೊಂಡೆ.

ಮತ್ತೆ ಯಾಕೆ ಹೋದೆ ಅಂತೀ. ನಿಮ್ಮವ್ವನೇ ಕಳಿಸಿದಳು. ನೀನು ಗುಳಿಗೆ ತರಲು ಹೋದಾಗ ನನ್ನ ಅಂಗಿ ಹಿಡಿದು, "ಚಳಿ ಆಗ್ತದ್ರಿ. ಇವರ ಚಾದರ ಬ್ಯಾಡ, ನನ್ನ ಕೌದಿ ತರ್ರಿ" ಅಂದಳು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಮಾನಮ್ಮ ನನ್ನನ್ನು ಏನೂ ಬೇಡಿದವಳಲ್ಲ. ಸಂಜೆಯ ತನಕ ಇರುತ್ತಾಳೆ ಎಂದು ದಾವಲ್ ಬೀ ಅಂದಿದ್ದಳು. ಹೋಗಿ ಬಂದುಬಿಡುತ್ತೇನೆ ಅಂದುಕೊಂಡೆ. ಬಸ್ಸಿನಲ್ಲಿ ಕೂತು ಕೌದಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಬಂದು ಹೊದಿಸಿದೆ. ಹೊದಿಸಿದ್ದನ್ನು ನೀನೂ ನೋಡಿದ್ದಿ.

ಇಷ್ಟು ವರ್ಷ ನಾನು ಅಂದುಕೊಂಡದ್ದು ಬೇರೆ. ಅಪ್ಪನಿಗೆ ಎಲ್ಲ ಗೊತ್ತಿತ್ತು, ಗೊತ್ತಿದ್ದೂ ನನಗೊಂದು ಮಾತು ಹೇಳದೆ, ಹುಡುಗಿಯೊಬ್ಬಳನ್ನೇ ಸಾಯುವವಳ ಹತ್ತಿರ ಬಿಟ್ಟು ಎದ್ದು ಹೋದ ಎಂದು ನಿನಗೆ ಸಿಟ್ಟು ಬಂದಿದೆ. ಅದಕ್ಕೇ ಮುಖ ಕೊಡುವುದಿಲ್ಲ. ಹೀಗೇ ತಿಳಿದುಕೊಂಡೆ. ಹಾಗೆ ಸಿಟ್ಟಾಗಿದ್ದರೆ ಅದು ನ್ಯಾಯವೇ. ತಪ್ಪು ಅರ್ಥ ಹೇಳಿದವಳು ಮಗು. ತಿಳಿದೂ ತಿದ್ದದವನು ಅಪ್ಪ. ತಪ್ಪಾಯಿತು ಅನ್ನಬೇಕಾದವನು ನಾನು.

ಒಂದು ಕೇಳಲೇನು? ಒಂಬತ್ತು ವರ್ಷದಿಂದ ಕೇಳಬೇಕೆಂದು ನಾಲಿಗೆಯ ತನಕ ಬಂದದ್ದು. ಬೆಳಿಗ್ಗೆ ಒಂಬತ್ತರಿಂದ ಒಂದರ ತನಕ ಅವಳ ಹತ್ತಿರ ನೀನಿದ್ದಿ. ನಾಲ್ಕು ತಾಸು. ಏನು ಮಾತಾಡಿದಳು? ನೋವಿತ್ತೇನು? ನಾನೆಲ್ಲಿ ಎಂದು ಕೇಳಿದಳೇನು? ಆಗುವಷ್ಟು ಬರೆ. ಆಗದಿದ್ದರೆ ಬಿಡು.

ನಿನ್ನ ಅಪ್ಪ,
ಅಯ್ಯಣ್ಣ


ದೇವದುರ್ಗ
24 ನವೆಂಬರ್ 2024

ಅಪ್ಪಾ,

ನಿನ್ನ ಪತ್ರವನ್ನು ಶಾಲೆಯ ಸ್ಟಾಫ್ ರೂಮಿನಲ್ಲಿ ಒಡೆದೆ, ಒಡೆಯಬಾರದಿತ್ತು. ಉಮಾದೇವಿ ಟೀಚರು ನನ್ನ ಪಿರಿಯಡ್ಡನ್ನೂ ತಾವೇ ತೆಗೆದುಕೊಂಡರು.

ಆ ನಾಲ್ಕು ತಾಸನ್ನು ಯಾರಿಗೂ ಹೇಳಿಲ್ಲ. ಅದು ತಪ್ಪಿನಿಂದ ಹುಟ್ಟಿದ ಹೊತ್ತು, ಅದರ ಸುಖ ನೆನೆಯಬಾರದು ಎಂದು ಮುಚ್ಚಿಟ್ಟಿದ್ದೆ. ಈಗ ಬರೆಯುತ್ತೇನೆ.

ನೋವಿರಲಿಲ್ಲ ಅಪ್ಪಾ. ನೀನು ಹೋದ ಮೇಲೆ ಅವ್ವನ ತಲೆ ಬಾಚಿದೆ. ಸಿಕ್ಕಾಗಿತ್ತು, ಬಿಡಿಸಲು ಬಹಳ ಹೊತ್ತು ಹಿಡಿಯಿತು. ಬಾಚುತ್ತ ಬಾಯಿ ಮುಚ್ಚದೆ ಮಾತಾಡಿದೆ, ಅವ್ವಾ, ನೀನು ಆರಾಮ ಆದೆಯಲ್ಲ, ಮನೆಗೆ ಹೋದ ಮೇಲೆ ಏನೇನು ಮಾಡಬೇಕು ಎಂದು. ಮಲ್ಲಟದ ಹೊಲಕ್ಕೆ ಹತ್ತಿ ಬಿಡಿಸಲು ಇನ್ನು ಹೋಗಬೇಡ, ನಾನು ನೌಕರಿ ಹಿಡಿಯುತ್ತೇನೆ ಅಂದೆ. ಅವ್ವ, "ಹೂಂ, ನೀ ಮೇಡಂ ಆಗು, ನಾ ಕುಂತು ಉಣ್ತೀನಿ" ಅಂದಳು. ದಾವಲ್ ಬೀ ಬಂದು ನಮ್ಮಿಬ್ಬರನ್ನೂ ನೋಡಿ ಕಣ್ಣು ಒರೆಸಿಕೊಂಡು ಹೋದಳು. ಆಗ ನನಗೆ ಅರ್ಥವಾಗಿರಲಿಲ್ಲ.

ಆಮೇಲೆ ಅವ್ವ ಡಾಕ್ಟರು ಏನಂದರು ಎಂದು ಕೇಳಿದಳು. ಕನ್ನಡದಲ್ಲಿ ಹೇಳಿದೆ. ಅವಳಿಗೆ ಸಾಲಲಿಲ್ಲ. "ಅವರು ಅಂದಂಗ ಇಂಗ್ಲಿಷಿನ್ಯಾಗ ಅನ್ನು" ಅಂದಳು. ಕಂಫರ್ಟಬಲ್ ಅಂದೆ. "ಕಂಪ್... ಏನ ಅದು? ಟೇಬಲ್ಲಾ?" ಅಂದಳು. "ನನಗ ಟೇಬಲ್ ಮ್ಯಾಲ ಕುಂದರಸ್ತಾರೇನು?" ಎಂದು ನಕ್ಕಳು. ನಾನು ಮತ್ತೆ ಹೇಳಿಕೊಟ್ಟೆ. ನಾಲ್ಕೈದು ಸಲ ಪ್ರಯತ್ನ ಮಾಡಿ ಕೊನೆಗೆ ‘ಕಂಪ್ಟೇಬಲ್’ ಎನ್ನುವಲ್ಲಿಗೆ ನಿಂತಳು. ಅದೇ ಸರಿ ಎಂದು ಹಟ ಮಾಡಿದಳು. ನನ್ನ ಮೊದಲ ವಿದ್ಯಾರ್ಥಿನಿ ಅವಳೇ ಅಪ್ಪಾ, ಇವತ್ತು ಹೊಳೆಯಿತು.

ಹೌದು, ನಿನ್ನನ್ನು ಕೇಳಿದಳು. "ನಿಮ್ಮಪ್ಪ ಎಲ್ಲಿಗೆ ಮುಟ್ಟಿದ್ದಾನು?" ಎಂದು ಕೇಳಿದಳು. ಕಿಟಕಿಯ ಬಿಸಿಲು ನೋಡಿ, "ಈಗ ಟ್ರಂಕು ತಗೀತಿರಬೇಕು. ಕೌದಿ ಅಡೀಕ ಅದ, ಹುಡುಕಾಡ್ತಾನು" ಅಂದಳು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಮತ್ತೆ ತೆರೆದಳು. ನನ್ನ ಕೈ ಹಿಡಿದು ಅಂದದ್ದು ಇಷ್ಟು: "ನಿಮ್ಮಪ್ಪ ಬಂದ್ರ ಹೇಳು, ನಾ ಕಂಪ್ಟೇಬಲ್ ಅದೀನಿ ಅಂತ. ಅವನಿಗೂ ಇಂಗ್ಲಿಷ್ ಕೇಳಿ ನಗಿ ಬರಲಿ." ನಕ್ಕು ಮಲಗಿದಳು. ಮತ್ತೆ ಏಳಲಿಲ್ಲ.

ಆ ಮಾತನ್ನು ನಿನಗೆ ಮುಟ್ಟಿಸಬೇಕಿತ್ತು. ಮೂರು ಗಂಟೆಗೆ ನೀನು ಕೌದಿ ಹಿಡಿದು ಬಂದಾಗ ಬಾಯಿ ಬರಲಿಲ್ಲ. ಆಮೇಲೆ ಆ ಪದದ ಅರ್ಥ ತಿಳಿದ ಮೇಲೆ ಹೇಳುವ ಮುಖವೇ ಉಳಿಯಲಿಲ್ಲ. ಒಂಬತ್ತು ವರ್ಷ ತಡವಾಗಿ ಹೇಳುತ್ತಿದ್ದೇನೆ. ಅಪ್ಪಾ, ಅವ್ವ ಕಂಪ್ಟೇಬಲ್ ಇದ್ದಳು. ನಿನಗೆ ಹೇಳು ಅಂದಿದ್ದಳು.

ಮುಂದಿನ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹೊರಡುತ್ತೇನೆ. ಸಿರವಾರದಲ್ಲಿ ಇಳಿದು ವಾಪಸ್ ಹೋಗುವುದಿಲ್ಲ.

ನಿನ್ನ ಮಗಳು,
ವಿಶಾಖಾ


ಮಾನ್ವಿ
ತಾ. 8-12-2024

ಮಗಳು ವಿಶಾಖಾಳಿಗೆ ಅಪ್ಪ ಬರೆಯುವುದು.

ನೀನು ಬಂದು ಹೋಗಿ ಎಂಟು ದಿನವಾಯಿತು. ಬಂದಾಗ ನಾವಿಬ್ಬರೂ ಏನೂ ಮಾತಾಡಲಿಲ್ಲ ಎಂದು ವೆಂಕಮ್ಮ ಇನ್ನೂ ಆಡಿಕೊಳ್ಳುತ್ತಾಳೆ. "ಅಷ್ಟುದ್ದ ಕಾಗದ ಬರೀತೀರಿ, ಎದುರಿಗೆ ಕುಂತ್ರ ಬರೀ ರೊಟ್ಟಿ ತಿಂತೀರಿ" ಅಂದಳು. ಮಷೀನು ಹಾಕಿಕೊಂಡಿದ್ದೆ, ಇದು ಕೇಳಿತು. ನೀನು ನಕ್ಕದ್ದೂ ಕೇಳಿತು. ಲಿಸನ್ ಹತ್ತಿರ ಬರುತ್ತಿದೆ ಎಂದು ಕಾಣುತ್ತದೆ.

ನಿನ್ನ ಮೇಲೆ ಒಂದು ತಕರಾರಿದೆ. ನೀನು ಬರುವ ಮೊದಲು ಕೌದಿಯನ್ನು ಚೀಕಲಪರ್ವಿಗೆ ಒಯ್ದಿದ್ದೆ. ನಿಮ್ಮವ್ವನ ತವರಿನ ಹೊಳೆಯಲ್ಲೇ ಒಗೆಯಬೇಕು ಎಂದು ನನ್ನದೊಂದು ಹಟ. ಬಂಡೆಯ ಮೇಲೆ ಹರವಿ ಒಣಗಿಸಿದೆ. ಅವಳ ಮದುವೆಯ ಹಸಿರು ಸೀರೆಯ ತುಂಡು, ನನ್ನ ಹಳೆ ಧೋತರದ ತುಂಡು, ನಿನ್ನ ಐದನೆಯ ತರಗತಿಯ ನೀಲಿ ಯೂನಿಫಾರ್ಮ್ ತುಂಡು, ಎಲ್ಲ ಗಟ್ಟಿ ಇವೆ. ನಿನಗೇ ಎಂದು ಮಡಚಿ ಚೀಲದಲ್ಲಿ ಹಾಕಿ ಬಾಗಿಲ ಹತ್ತಿರ ಇಟ್ಟಿದ್ದೆ. ನೀನು ಬಸ್ಸು ಹತ್ತಿದ ಮೇಲೆ ಮನೆಗೆ ಬಂದು ನೋಡಿದರೆ ಚೀಲ ಖಾಲಿ, ಕೌದಿ ನನ್ನ ಮಂಚದ ಮೇಲೆ ಹಾಸಿದೆ. ಮರೆತು ಹೋದಿಯೋ, ಬೇಕೆಂದೇ ಬಿಟ್ಟು ಹೋದಿಯೋ? ಇಂಗ್ಲಿಷಿನಲ್ಲಿ ಎರಡಕ್ಕೂ ಬೇರೆ ಬೇರೆ ಪದ ಇರಲೇಬೇಕು. ಯಾವುದೆಂದು ಬರೆದು ತಿಳಿಸು. ಉತ್ತರ ನನಗೆ ಗೊತ್ತಿದೆ, ಆದರೂ ಬರೆ.

ಒಂಬತ್ತು ವರ್ಷ ಅದನ್ನು ಟ್ರಂಕಿನಿಂದ ತೆಗೆದಿರಲಿಲ್ಲ. ಸಮಯಕ್ಕೆ ಮುಟ್ಟಿಸಲಾಗದ ಕೌದಿಯನ್ನು ಹೊದೆಯಲು ನನಗೆ ಯಾವ ಹಕ್ಕು ಎಂದು ಅನ್ನಿಸುತ್ತಿತ್ತು. ಈ ಸಲ ಮಾನ್ವಿಯಲ್ಲಿ ಚಳಿ ಜಾಸ್ತಿ. ನಿನ್ನೆಯಿಂದ ಹೊದೆಯುತ್ತಿದ್ದೇನೆ. ಈಗ ಬೆಳಗಿನ ಏಳು ಗಂಟೆ, ಮೈತುಂಬ ಹೊದ್ದುಕೊಂಡೇ ಬರೆಯುತ್ತಿದ್ದೇನೆ. ಒಂದೆರಡು ಹನಿ ಬಿದ್ದು ಅಕ್ಷರ ಅಲ್ಲಲ್ಲಿ ಕಲಸಿದೆ, ಅದು ಚಹಾ ಅಂತ ಸುಳ್ಳು ಬರೆಯುವುದಿಲ್ಲ.

ನಿಯಮ ಮುರಿಯದೆ ಕಾಗದ ಮುಗಿಸುವುದು ಹೇಗೆ ಎಂದು ಬಹಳ ಯೋಚನೆ ಮಾಡಿದೆ. ಆ ಪದ ಬರೆಯುವ ಹಾಗಿಲ್ಲ, ಸುಳ್ಳೂ ಬರೆಯುವ ಹಾಗಿಲ್ಲ. ಕಡೆಗೆ ನಿಮ್ಮವ್ವನದೇ ಒಂದು ಮಾತು ತೆಗೆದುಕೊಂಡಿದ್ದೇನೆ. ನೀನು ಟೀಚರು, ಸ್ಪೆಲಿಂಗು ತಿದ್ದಬೇಡ.

ನಾನಿಲ್ಲಿ ಕಂಪ್ಟೇಬಲ್ ಅದೀನಿ.

ನಿನ್ನ ಅಪ್ಪ,
ಅಯ್ಯಣ್ಣ